ಹಿತ್ತಲಲ್ಲಿ ಅಡುಗೆ ಮಾಡೋಕೆ ದೊಡ್ಡ ಚಾರ್ಕೋಲ್ ಗ್ರಿಲ್ ತಗೋಬೇಕು, ಯಾವುದು ತಗೊಳ್ಲಿ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರ್ ಮಾಡ್ಕೋಬೇಡಿ, ಏಳೆಂಟು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ತಲೇಲಿಟ್ಕೊಂಡು ಅಂಗಡಿ ಅಂಗಡಿ ಸುತ್ತಿದ್ದೆ. ಡಲ್ಲಾಸ್ ಹತ್ರ ಹೊಸ ಮನೆ, ಹಿತ್ತಲಿದೆ, ವೀಕೆಂಡ್ ಬಂದ್ರೆ ಹದಿನೈದು ಇಪ್ಪತ್ತು ಜನ, ಅದ್ರಲ್ಲಿ ಅರ್ಧ ವೆಜ್, ಸಿಗೋದ್ರಲ್ಲೇ ದೊಡ್ಡದು ತಗೊಂಡ್ಬಿಡ್ಲಾ ಅಂತ ಕೇಳಿದೀರ. ನಾನೂ ಟೆಕ್ಸಾಸ್‌ನೋನೇ, ಆಸ್ಟಿನ್ ಕಡೆ, ಮೂಲ ಚಿತ್ರದುರ್ಗ.

ನಾನು ಮೊದ್ಲು ಮಾಡಿದ ದಡ್ಡತನ ಹೇಳ್ಬಿಡ್ತೀನಿ. ಡ್ರಮ್ ಉದ್ದಕ್ಕೆ ಸೀಳಿದ ಹಾಗೆ ಇರುತ್ತಲ್ಲ, ಬ್ಯಾರಲ್ ಗ್ರಿಲ್, ಪಕ್ಕಕ್ಕೆ ಚಕ್ರ, ಚಿಮಣಿ ಎಲ್ಲ ಇರೋದು, ಅದನ್ನ ನೋಡಿ ಮನಸೋತು ತಂದೆ. ಎಷ್ಟು ದೊಡ್ಡದು ಅಂದ್ರೆ ಒಂದು ಕುರಿ ಮಲಗಿಸ್ಬೋದಿತ್ತು. ಆದ್ರೆ ತಗಡು ತೆಳ್ಳಗೆ, ಮುಚ್ಚಳ ಸರಿಯಾಗಿ ಕೂರ್ತಾ ಇರ್ಲಿಲ್ಲ, ಹೊಗೆ ಚಿಮಣಿ ಬಿಟ್ಟು ಬೇರೆಲ್ಲಾ ಕಡೆಯಿಂದ ಬರ್ತಿತ್ತು, ನಾಲ್ಕು ಜನಕ್ಕೆ ಚಿಕನ್ ಸುಡೋಕೂ ಒಂದು ಮೂಟೆ ಇದ್ದಿಲು ಸುರೀಬೇಕು, ಆ ತುದಿ ಸೀದು ಕರ್ರಗಾಗಿದ್ರೆ ಈ ತುದಿ ಮೂಳೆ ಹತ್ರ ಇನ್ನೂ ಕೆಂಪು. ಎರಡು ಮಳೆಗಾಲ ಮುಗಿಯೋ ಹೊತ್ತಿಗೆ ತಳ ತುಕ್ಕು ಹಿಡಿದು ತೂತು. ದಪ್ಪ ಸ್ಟೀಲಿನ ಒಳ್ಳೆ ಬ್ಯಾರಲ್‌ಗಳೂ ಇವೆ, ಇಲ್ಲ ಅಂತಲ್ಲ, ಆದ್ರೆ ಅವು ತೂಕ, ದುಬಾರಿ. ಅಂಗಡೀಲಿ ಮುಚ್ಚಳ ಎತ್ತಿ ಇಳಿಸಿ ನೋಡಿ, ಡಬ್ಬದ ಥರ ಲಟಲಟ ಅಂದ್ರೆ ಅಲ್ಲೇ ಬಿಟ್ಟು ಬನ್ನಿ.

ಈಗ ವಿಷಯಕ್ಕೆ ಬರ್ತೀನಿ. ದೊಡ್ಡ ಗ್ರಿಲ್ ಬೇಕಾಗೋದು ಇಪ್ಪತ್ತು ತುಂಡು ಒಟ್ಟಿಗೆ ಇಡೋಕಲ್ಲ, ಅರ್ಧ ಜಾಗ ಖಾಲಿ ಬಿಡೋಕೆ. ಇದೊಂದು ನನಗೆ ಅರ್ಥ ಆಗೋಕೆ ಎರಡು ವರ್ಷ ಬೇಕಾಯ್ತು. ಕೆಂಡ ಎಲ್ಲ ಒಂದು ಪಕ್ಕಕ್ಕೆ ಗುಡ್ಡೆ ಹಾಕಿ, ಇನ್ನೊಂದು ಪಕ್ಕ ಕೆಳಗೆ ಏನೂ ಇರ್ಬಾರ್ದು. ಕೆಂಡದ ಮೇಲೆ ಇಟ್ರೆ ಬಣ್ಣ, ಸುಟ್ಟ ವಾಸನೆ ಬರುತ್ತೆ, ಖಾಲಿ ಕಡೆಗೆ ಸರಿಸಿ ಮುಚ್ಚಳ ಹಾಕಿದ್ರೆ ಓವನ್ ಥರ ಒಳಗಿಂದ ಬೇಯುತ್ತೆ. ಕೊಬ್ಬು ತೊಟ್ಟಿಕ್ಕಿ ಬೆಂಕಿ ಭಗ್ ಅಂತ ಎದ್ರೆ ಓಡಿಸೋಕೂ ಅದೇ ಜಾಗ. ಹಂಗಾಗಿ ಡಬ್ಬದ ಮೇಲೆ ಇಷ್ಟು ಬರ್ಗರ್ ಹಿಡಿಯುತ್ತೆ ಅಂತ ಬರ್ದಿರೋದನ್ನ ಅರ್ಧ ಅಂತ ಓದ್ಕೊಳ್ಳಿ.

ಈ ಲೆಕ್ಕದಲ್ಲಿ ನೋಡಿದ್ರೆ ನಿಮಗೆ ದುಂಡಗಿನ ಕೆಟಲ್ ಸಾಕು. ಇದನ್ನ ಮಾಡಿದ್ದು ಜಾರ್ಜ್ ಸ್ಟೀಫನ್ ಅನ್ನೋರು, 1952ರಲ್ಲಿ, ಶಿಕಾಗೋ ಕಡೆ ವೆಬರ್ ಬ್ರದರ್ಸ್ ಅನ್ನೋ ಲೋಹದ ಕಾರ್ಖಾನೇಲಿ ನೀರಲ್ಲಿ ತೇಲಿಬಿಡೋ ಬೂಯ್ ತಯಾರಾಗ್ತಿತ್ತು, ಅದರ ಗೋಳಾನೇ ತಗೊಂಡು ಕೆಳಗಿನ ಭಾಗ ಒಲೆ, ಮೇಲಿನ ಭಾಗ ಮುಚ್ಚಳ ಮಾಡಿದ್ರು, ತೆರೆದ ಒಲೇಲಿ ಗಾಳಿಯ ಕಾಟ ತಡೀಲಾರ್ದೆ. ನಿಮ್ಮ ಡಲ್ಲಾಸ್ ಗಾಳಿ ಗೊತ್ತಲ್ಲ, ಮುಚ್ಚಳದ ಬೆಲೆ ಮೊದಲ ದಿನಾನೇ ಗೊತ್ತಾಗುತ್ತೆ. 22 ಇಂಚಿಂದು ಅಂದ್ರೆ ಜಾಲರಿ 363 ಚದರ ಇಂಚು. 26 ಇಂಚಿಂದು ಕೇಳೋಕೆ ನಾಲ್ಕೇ ಇಂಚು ಜಾಸ್ತಿ, ಆದ್ರೆ ದುಂಡಗಿರೋದ್ರಿಂದ ಜಾಗ ನೂರಕ್ಕೆ 40ರಷ್ಟು ಹೆಚ್ಚಾಗುತ್ತೆ. ನನ್ನತ್ರ ಈಗ ಇರೋದು 26. ದಿನಾ ಗಂಡ ಹೆಂಡತಿ ಇಬ್ರಿಗೆ ಅಂದ್ರೆ ಇದು ಜಾಸ್ತೀನೇ.

ಕಮಾಡೋ ಅಂತ ದಪ್ಪ ಸೆರಾಮಿಕ್ ಮೊಟ್ಟೆ ಥರದ್ದೂ ಸಿಗುತ್ತೆ, ನಮ್ಮ ತಂದೂರಿಗೆ ದೂರದ ನೆಂಟ ಅನ್ನಿ. ಕಾವು ಗಂಟೆಗಟ್ಟಲೆ ಹಿಡ್ಕೊಳುತ್ತೆ, ಇದ್ದಿಲು ಕಮ್ಮಿ ತಿನ್ನುತ್ತೆ. ಆದ್ರೆ ಒಂದ್ಸಲ ಜಾಸ್ತಿ ಕಾದ್ರೆ ಇಳಿಸೋದು ಕಷ್ಟ, ತೂಕ ವಿಪರೀತ, ಬೆಲೆ ಕೇಳಿದ್ರೆ ಹೊಟ್ಟೆ ಉರಿಯುತ್ತೆ. ನನ್ನ ಫ್ರೆಂಡ್ ಮನೇಲಿದೆ, ಅವನ ಮನೆಗೆ ಹೋಗಿ ತಿಂದು ಬರ್ತೀನಿ.

ವೆಜ್ ನಾನ್‌ವೆಜ್ ವಿಷಯ. ಇದು ಅಂಗಡಿಯೋರು ಯಾರೂ ಹೇಳಲ್ಲ, ನಮ್ಮೋರಿಗೆ ಮಾತ್ರ ಗೊತ್ತಿರೋ ತಲೆನೋವು. ಹೆಂಡತಿ ಕಡೆಯೋರು ಪಕ್ಕಾ ವೆಜ್. ಅತ್ತೆ ಮಾವ ಊರಿಂದ ಬಂದಿದ್ದಾಗ ಒಂದೇ ಜಾಲರಿ ಮಧ್ಯ ಫಾಯಿಲ್‌ದು ಗೋಡೆ ಕಟ್ಟಿ, ಈ ಕಡೆ ಚಿಕನ್ ಆ ಕಡೆ ಪನೀರ್ ಇಟ್ಟು, ನಾನೇ ದೊಡ್ಡ ಬುದ್ಧಿವಂತ ಅನ್ಕೊಂಡಿದ್ದೆ. ಅತ್ತೆ ಒಂದು ಮಾತೂ ಆಡ್ಲಿಲ್ಲ, ಒಳಗೆ ಹೋಗಿ ಮೊಸರನ್ನ ಕಲಸ್ಕೊಂಡು ಬಂದು ಕೂತ್ರು. ಮುಂದಿನ ವಾರಾನೇ 18 ಇಂಚಿಂದು ಇನ್ನೊಂದು ಕೆಟಲ್ ತಂದೆ, ಅದಕ್ಕೆ ಬೇರೆ ಇಕ್ಕಳ, ಬೇರೆ ಬ್ರಷ್ಷು, ಹಿಡಿಗೆ ಹಸಿರು ಟೇಪ್ ಸುತ್ತಿದೀನಿ. ಹಂಗಾಗಿ ನಿಮಗೆ ನನ್ನ ಸಲಹೆ, ಒಂದು ಭಾರಿ ಗ್ರಿಲ್ಲಿಗೆ ಹಾಕೋ ದುಡ್ಡಲ್ಲಿ 22 ಒಂದು, 18 ಒಂದು ತಗೊಳ್ಳಿ. ಬರೋರು ಅಷ್ಟು ಮಡಿವಂತರಲ್ಲ ಅಂದ್ರೆ 26 ಒಂದೇ ಸಾಕು, ಜಾಲರಿ ಮಾತ್ರ ಎಕ್ಸ್‌ಟ್ರಾ ಒಂದು ಇಟ್ಕೊಂಡು ವೆಜ್ ಮೊದ್ಲು ಮುಗಿಸಿ, ಆಮೇಲೆ ಜಾಲರಿ ಬದಲಾಯಿಸಿ ಮಾಂಸ ಹಾಕಿ.

ಇದ್ದಿಲಿನಲ್ಲಿ ಎರಡು ಥರ. ಬ್ರಿಕೆಟ್ ಅಂದ್ರೆ ಪುಡಿ ಒತ್ತಿ ಮಾಡಿದ ಒಂದೇ ಅಳತೆಯ ಬಿಲ್ಲೆ, ಇದನ್ನ ಇಲ್ಲಿ ಮನೆಮನೆಗೆ ಮುಟ್ಟಿಸಿದ್ದು ಕಾರಿನ ಹೆನ್ರಿ ಫೋರ್ಡು, ಕಾರಿಗೆ ಮರ ಕೊಯ್ದು ಮಿಕ್ಕಿದ ಚೂರು ವೇಸ್ಟ್ ಆಗ್ಬಾರ್ದು ಅಂತ. ಒಂದೇ ಸಮ ಉರಿಯುತ್ತೆ, ಹೊಸಬರಿಗೆ ಇದೇ ಒಳ್ಳೇದು, ಬೂದಿ ಮಾತ್ರ ಜಾಸ್ತಿ. ಇನ್ನೊಂದು ಲಂಪ್, ಅಂದ್ರೆ ನಿಜವಾದ ಮರದ ಇದ್ದಿಲು, ಬೇಗ ಹತ್ತುತ್ತೆ, ಜಾಸ್ತಿ ಬಿಸಿ, ಆದ್ರೆ ಒಂದು ತುಂಡು ತೆಂಗಿನಕಾಯಿ ಗಾತ್ರ ಇದ್ರೆ ಇನ್ನೊಂದು ಗೋಲಿ ಗಾತ್ರ. ಟೆಕ್ಸಾಸಲ್ಲಿ ಮೆಸ್ಕೀಟ್ ಲಂಪ್ ಎಲ್ಲಾ ಕಡೆ ಸಿಗುತ್ತೆ. ಈ ಮೆಸ್ಕೀಟ್ ಬೇರೆ ಯಾವುದೂ ಅಲ್ಲ ಸ್ವಾಮಿ, ನಮ್ಮ ಬಳ್ಳಾರಿ ಜಾಲಿಯ ಖಾಸಾ ದಾಯಾದಿ! ಊರಲ್ಲಿ ಕೆರೆ ಅಂಗಳದ ತುಂಬ ಬೆಳ್ದು ಹೊಲಕ್ಕೆಲ್ಲ ನುಗ್ಗಿ ಎಲ್ರ ಕೈಲೂ ಬೈಸ್ಕೊಳ್ಳೋ ಗಿಡ, ಅದನ್ನೇ ಸುಟ್ಟು ಇದ್ದಿಲು ಮಾಡಿ ಮಾರ್ತಿದ್ರು, ಇಲ್ಲಿ ಅದರ ದಾಯಾದಿಗೆ ಚೆಂದದ ಚೀಲ ಹಾಕಿ ಡಾಲರ್ ಲೆಕ್ಕದಲ್ಲಿ ಕೊಡ್ತಾರೆ. ಮೊದಲ ಸಲ ಚೀಲ ಹೊತ್ಕೊಂಡು ಬಂದಾಗ ಅಪ್ಪಂಗೆ ವೀಡಿಯೊ ಕಾಲ್ ಮಾಡಿ ತೋರ್ಸಿದ್ದೆ, ಅವ್ರು ಐದು ನಿಮಿಷ ನಕ್ಕರು. ಒಂದು ಎಚ್ಚರಿಕೆ, ಇದು ಹತ್ತುವಾಗ ಚಟಪಟ ಅಂತ ಕಿಡಿ ಹಾರಿಸುತ್ತೆ, ಒಣ ಹುಲ್ಲಿನ ಮೇಲೆ ಗ್ರಿಲ್ ಇಡ್ಬೇಡಿ, ಮಕ್ಕಳನ್ನ ದೂರ ಇಡಿ.

ಹೊತ್ತಿಸೋಕೆ ಲೈಟರ್ ಫ್ಲೂಯಿಡ್ ಬೇಡವೇ ಬೇಡ, ಸೀಮೆಎಣ್ಣೆ ವಾಸನೆಯ ಕೋಳಿ ತಿನ್ನೋ ಆಸೆ ಇದ್ರೆ ಬೇರೆ ಮಾತು. ಉರಿಯೋ ಕೆಂಡದ ಮೇಲಂತೂ ಯಾವತ್ತೂ ಸುರೀಬೇಡಿ. ಚಿಮ್ನಿ ಸ್ಟಾರ್ಟರ್ ಅಂತ ತಗಡಿನ ಕೊಳವೆ ಸಿಗುತ್ತೆ, ಕೆಳಗೆ ಎರಡು ಹಾಳೆ ಪೇಪರ್, ಅದಕ್ಕೆ ಸ್ವಲ್ಪ ಅಡುಗೆ ಎಣ್ಣೆ ಸವರಿ, ಮೇಲೆ ಇದ್ದಿಲು ತುಂಬಿ ಕಡ್ಡಿ ಗೀರಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಮೇಲಿನ ಇದ್ದಿಲಿಗೂ ಬೂದಿ ಬಣ್ಣ ಬರುತ್ತೆ, ಆವಾಗ ಸುರೀರಿ, ಗ್ಲೋವ್ಸ್ ಹಾಕ್ಕೊಂಡು.

ಆಮೇಲೆ ಕಿಂಡಿಗಳ ಆಟ. ಕೆಳಗಿನ ಕಿಂಡಿಯಿಂದ ಗಾಳಿ ಒಳಗೆ, ಮೇಲಿನ ಕಿಂಡಿಯಿಂದ ಹೊಗೆ ಹೊರಗೆ. ಮೇಲಿಂದು ಪೂರ್ತಿ ತೆಗ್ದಿರಿ, ಕಾವು ಹೆಚ್ಚು ಕಮ್ಮಿ ಮಾಡೋದೆಲ್ಲ ಕೆಳಗಿನದ್ರಲ್ಲಿ. ಮುಚ್ಚಳ ಹಾಕುವಾಗ ಅದರ ಕಿಂಡಿ ಖಾಲಿ ಕಡೆ, ಅಂದ್ರೆ ಮಾಂಸದ ಮೇಲೆ ಬರೋ ಹಂಗೆ ತಿರುಗಿಸಿ, ಹೊಗೆ ಅದರ ಮೇಲೆ ಹಾದೇ ಹೋಗ್ಬೇಕು. ಬೆಂಕಿ ಮಂಕಾಯ್ತು ಅಂತ ನಮ್ಮೋರು ಮುಚ್ಚಳ ತೆಗ್ದು ಪೇಪರ್ ಪ್ಲೇಟಲ್ಲಿ ಗಾಳಿ ಹಾಕೋಕೆ ಶುರು ಮಾಡ್ತಾರೆ, ಬೂದಿ ಎಲ್ಲ ಕಬಾಬಿನ ಮೇಲೆ. ಕೆಳಗಿನ ಕಿಂಡಿ ಬೂದಿಯಿಂದ ಮುಚ್ಚಿರುತ್ತೆ ಅಷ್ಟೇ, ಅದರ ಹಿಡಿ ನಾಲ್ಕು ಸಲ ಆ ಕಡೆ ಈ ಕಡೆ ಆಡಿಸಿ. ಕಾವು ನೋಡೋಕೆ ಜಾಲರಿಗಿಂತ ಐದಿಂಚು ಮೇಲೆ ಅಂಗೈ ಹಿಡೀರಿ, ಎರಡು ಮೂರು ಸೆಕೆಂಡಿಗೇ ಕೈ ಹಿಂದೆ ಬಂದ್ರೆ ಜೋರು, ಐದಾರು ತಡೆದ್ರೆ ಹದ.

ಏನು ಸುಡೋದು ಅಂದ್ರೆ, ಚಿಕನ್ ಆದ್ರೆ ಬ್ರೆಸ್ಟ್ ಬಿಟ್ಟು ಮೂಳೆ ಇರೋ ತೊಡೆ ತಗೊಳ್ಳಿ, ಸ್ವಲ್ಪ ಹೆಚ್ಚು ಕಮ್ಮಿ ಆದ್ರೂ ಒಣಗಲ್ಲ. ಮೊಸರು, ಶುಂಠಿ ಬೆಳ್ಳುಳ್ಳಿ, ಖಾರದಪುಡಿ ಹಚ್ಚಿದ ತುಂಡನ್ನ ಸೀದಾ ಕೆಂಡದ ಮೇಲೆ ಇಟ್ರೆ ಮಸಾಲೆ ಸೀದು ಒಳಗೆ ಹಸಿ ಇರುತ್ತೆ, ಅದಕ್ಕೆ ನಾನು ಉಲ್ಟಾ ಮಾಡ್ತೀನಿ, ಮೊದ್ಲು ಖಾಲಿ ಕಡೆ ಮುಚ್ಚಳ ಹಾಕಿ ಬೇಯಿಸಿ, ಕೊನೇ ಎರಡು ಮೂರು ನಿಮಿಷ ಕೆಂಡದ ಮೇಲೆ. ಥರ್ಮಾಮೀಟರ್ ಒಂದು ತಗೊಳ್ಳಿ, ಕೋಳಿಗೆ 165 ಡಿಗ್ರಿ ಫ್ಯಾರನ್‌ಹೀಟ್ ಆಗ್ಲೇಬೇಕು, ತೊಡೆ 175 ದಾಟಿದ್ರೇ ನಂಗೆ ರುಚಿ. ಕೈಮಾ ಕಬಾಬಿಗೆ 160. ಆಡಿನ ಮಾಂಸದ ತುಂಡು ಗ್ರಿಲ್ಲಲ್ಲಿ ಮಾಡೋಕೆ ಹೋಗಿ ದವಡೆ ನೋಯಿಸ್ಕೊಂಡಿದೀನಿ, ಅದು ಕುಕ್ಕರಿಗೇ ಸರಿ.

ವೆಜ್ ಕಡೆ ಪನೀರ್ ಒಂದನ್ನೇ ನಂಬ್ಕೋಬೇಡಿ. ಬದನೆಕಾಯಿ! ಇಲ್ಲಿನ ದಪ್ಪ ಬದನೆಕಾಯಿನ ನಾಲ್ಕು ಕಡೆ ಚುಚ್ಚಿ ಕೆಂಡಕ್ಕೆ ಹತ್ತಿರ ಇಟ್ಟು ಸಿಪ್ಪೆ ಪೂರ್ತಿ ಕಪ್ಪಾಗಿ ಕುಸಿಯೋವರ್ಗೂ ಸುಡಿ, ಸಿಪ್ಪೆ ತೆಗ್ದು ಮೊಸರು, ಹಸಿಮೆಣಸಿನಕಾಯಿ, ಒಗ್ಗರಣೆ ಹಾಕಿ ಬಜ್ಜಿ ಮಾಡಿದ್ರೆ ಚಿಕನ್ ತಿನ್ನೋರೂ ಆ ಬಟ್ಟಲ ಹತ್ರಾನೇ ನಿಂತಿರ್ತಾರೆ. ಗ್ಯಾಸ್ ಮೇಲೆ ಸುಟ್ಟಿದ್ದಕ್ಕೆ ಆ ರುಚಿ ಬರಲ್ಲ. ಜೋಳದ ತೆನೆಗೆ ನಿಂಬೆಹಣ್ಣು ಉಪ್ಪು ಖಾರ ಗೊತ್ತಿರೋದೇ. ಗೆಣಸು ಖಾಲಿ ಕಡೆ ಮುಕ್ಕಾಲು ಗಂಟೆ ಮೇಲೇ ಬೇಕು, ಎಲ್ಲಕ್ಕಿಂತ ಮೊದ್ಲು ಇಟ್ಬಿಡಿ.

ಕ್ಲೀನ್ ಮಾಡೋಕೆ ತಂತಿ ಬ್ರಷ್ ಬೇಡ, ಅದರ ಎಳೆ ಮುರಿದು ಜಾಲರಿಗೆ ಅಂಟಿ ಊಟದಲ್ಲಿ ಹೊಟ್ಟೆಗೆ ಹೋಗಿರೋ ಕೇಸ್‌ಗಳಿವೆ. ಜಾಲರಿ ಬಿಸಿ ಇದ್ದಾಗಲೇ ಫಾಯಿಲ್ ಉಂಡೆ ಮಾಡಿ ಇಕ್ಕಳದಲ್ಲಿ ಹಿಡಿದು ಉಜ್ಜಿ, ಅಥವಾ ಅರ್ಧ ಈರುಳ್ಳಿ ಫೋರ್ಕಿಗೆ ಚುಚ್ಕೊಂಡು. ಕೊಬ್ಬಿಗೆ ಜೋರಾಗಿ ಬೆಂಕಿ ಹತ್ತಿದ್ರೆ ನೀರು ಹಾಕ್ಬೇಡಿ, ಮುಚ್ಚಳ ಮುಚ್ಚಿ, ಎಲ್ಲಾ ಕಿಂಡಿ ಮುಚ್ಚಿ, ತಾನಾಗೇ ಸಾಯುತ್ತೆ. ಮಳೆ ಬಂತು ಅಂತ ಗ್ರಿಲ್ಲನ್ನ ಗರಾಜ್ ಒಳಗೆ ಎಳ್ಕೊಂಡು ಹೋಗೋದು ಬೇಡ, ಬಾಗಿಲು ತೆಗ್ದಿದ್ರೂ ಬೇಡ, ಕಾರ್ಬನ್ ಮೊನಾಕ್ಸೈಡಿಗೆ ಬಣ್ಣನೂ ಇಲ್ಲ ವಾಸನೆನೂ ಇಲ್ಲ. ಬೇಸಿಗೇಲಿ ಕೌಂಟಿಯೋರು ಬರ್ನ್ ಬ್ಯಾನ್, ಅಂದ್ರೆ ಬಯಲಲ್ಲಿ ಬೆಂಕಿ ಹಚ್ಚೋಕೆ ನಿಷೇಧ, ಹಾಕಿದ್ದಾಗ ಗ್ರಿಲ್ಲಿಗೆ ಏನು ನಿಯಮ ಅಂತ ಅವರ ಸೈಟಲ್ಲಿ ಒಂದ್ಸಲ ನೋಡ್ಕೊಳ್ಳಿ.

ಬೂದಿ ವಿಷಯದಲ್ಲಿ ನನಗೆ ಶಾಸ್ತಿ ಆಗಿದೆ. ಶನಿವಾರ ರಾತ್ರಿ ಪಾರ್ಟಿ, ಭಾನುವಾರ ಬೆಳಿಗ್ಗೆ ಮುಟ್ಟಿದ್ರೆ ತಣ್ಣಗಿದೆ ಅಂತ ಬೂದಿನ ಪ್ಲಾಸ್ಟಿಕ್ ಕಸದ ಡಬ್ಬಕ್ಕೆ ಸುರಿದೆ, ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆಯಾತ ಬಾಗಿಲು ತಟ್ಟಿ ನಿಮ್ಮ ಡಬ್ಬ ಕರಗ್ತಾ ಇದೆ ಅಂದ. ಬೂದಿಯೊಳಗೆ ಒಂದೆರಡು ಕೆಂಡ ಜೀವಂತ ಇದ್ವು. ಈಗ ಮುಚ್ಚಳ ಇರೋ ತಗಡಿನ ಬಕೆಟ್ಟಲ್ಲಿ ಹಾಕಿ ಎರಡು ದಿನ ಕಾಂಕ್ರೀಟ್ ಮೇಲೆ ಬಿಟ್ಟಿರ್ತೀನಿ, ಮೂರನೇ ದಿನ ಕಸಕ್ಕೆ.

ಕವರ್ ಬೇಕಾ ಅಂತನೂ ಕೇಳಿದ್ರಿ. ಬೇಕು, ತುಕ್ಕು ತಡೆಯುತ್ತೆ. ಆದ್ರೆ ಎರಡು ತಿಂಗಳು ಮುಟ್ದೇ ಇದ್ದು ಕವರ್ ತೆಗೀವಾಗ ಸ್ವಲ್ಪ ದೂರ ನಿಂತ್ಕೊಂಡು ಎಳೀರಿ, ನನ್ನ 18 ಇಂಚಿನ ವೆಜ್ ಗ್ರಿಲ್ ಒಳಗೆ ಕಣಜದ ಹುಳ ಗೂಡು ಕಟ್ಟಿತ್ತು, ಕೈಗೆ ಎರಡು ಕಚ್ಚಿಸ್ಕೊಂಡೆ.