ಮದುವೆಗೆ ಮುಂಚೆ ಬರೆಸಿಕೊಂಡ ಒಪ್ಪಂದ ಹಿಂದೂ ವಿವಾಹ ಕಾನೂನಿನಲ್ಲಿ ನಿಲ್ಲುತ್ತದೆಯೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಿಮಗೆ 31 ವರ್ಷ, ಬೆಂಗಳೂರಿನಲ್ಲಿ ಕೆಲಸ, ನಿಮ್ಮ ಹೆಸರಿನಲ್ಲಿ ಒಂದು ಫ್ಲ್ಯಾಟ್, ಅದರ ಸಾಲದ ಕಂತು ಇನ್ನೂ ನಡೆಯುತ್ತಿದೆ. ಮಾಘದಲ್ಲಿ ಮದುವೆ. ಅಷ್ಟರೊಳಗೆ ಛಾಪಾ ಕಾಗದದ ಮೇಲೆ ಮೂರು ಮಾತು ಬರೆಸಿಕೊಳ್ಳಬೇಕೆಂದಿದ್ದೀರಿ. ಫ್ಲ್ಯಾಟಿನ ಮೇಲೆ ನಿಮ್ಮನ್ನು ಮದುವೆಯಾಗುವವರಿಗೆ ಹಕ್ಕಿಲ್ಲ, ಮುಂದೆ ಬೇರೆಯಾದರೆ ಇಬ್ಬರಲ್ಲಿ ಯಾರೂ ಜೀವನಾಂಶ ಕೇಳುವುದಿಲ್ಲ, ಅತ್ತೆ ಮಾವನ ಮನೆಗೆ ಬಂದು ಇರು ಎಂದು ಅವರು ನಿಮ್ಮನ್ನು ಒತ್ತಾಯಿಸುವುದಿಲ್ಲ. ಮದುವೆಯಾದ ಮೇಲೆ ಅವರ ಕೆಲಸದ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಹೋಗುವ ಸಂಭವವೂ ಇದೆ ಎಂದಿದ್ದೀರಿ.

ನಾನು ಧಾರವಾಡದಲ್ಲಿ 19 ವರ್ಷಗಳಿಂದ ಕೌಟುಂಬಿಕ ಪ್ರಕರಣಗಳನ್ನು ನಡೆಸುತ್ತಿರುವ ವಕೀಲೆ. ನೇರವಾಗಿ ಹೇಳುತ್ತೇನೆ: ನಿಮ್ಮ ಎರಡನೆಯ ಮತ್ತು ಮೂರನೆಯ ಮಾತು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಮೊದಲನೆಯದಕ್ಕೆ ಒಪ್ಪಂದವೇ ಬೇಕಾಗಿಲ್ಲ, ಅದಕ್ಕೆ ಬೇಕಾದ ಕಾಗದಗಳೇ ಬೇರೆ.

1955ರ ಹಿಂದೂ ವಿವಾಹ ಕಾಯಿದೆ ಇಂಥ ಒಪ್ಪಂದವನ್ನು ಮಾನ್ಯ ಮಾಡಿಲ್ಲ, ನಿಷೇಧಿಸಿಯೂ ಇಲ್ಲ. ಅದರ ಮಾತನ್ನೇ ಎತ್ತಿಲ್ಲ. ಹಾಗಾಗಿ ಪ್ರಶ್ನೆ 1872ರ ಕರಾರು ಕಾಯಿದೆಗೆ ಹೋಗುತ್ತದೆ. ಸಾರ್ವಜನಿಕ ನೀತಿಗೆ ವಿರುದ್ಧವಾದ ಕರಾರು ಶೂನ್ಯ ಎನ್ನುತ್ತದೆ ಅದರ 23ನೆಯ ಕಲಂ. ಮದುವೆಯನ್ನು ಸಂಸ್ಕಾರವೆಂದು ಕಂಡ ನ್ಯಾಯಾಲಯಗಳು ನೂರು ವರ್ಷಕ್ಕೂ ಹಿಂದಿನಿಂದ ಈ ಕಲಂ ಹಿಡಿದೇ ತೀರ್ಪು ಕೊಟ್ಟಿವೆ. ನಿಮ್ಮ ಮೂರನೆಯ ಮಾತನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಕಲ್ಕತ್ತಾ ಹೈಕೋರ್ಟಿನ 1901ರ ಒಂದು ತೀರ್ಪು. ಮದುವೆಯಾದ ಮೇಲೆ ಹೆಂಡತಿಯ ತಾಯಿಯ ಮನೆಯಲ್ಲೇ ಇರುತ್ತೇನೆ, ಅಲ್ಲಿಂದ ಅವಳನ್ನು ಕರೆದೊಯ್ಯುವುದಿಲ್ಲ ಎಂದು ವರ ಬರೆದುಕೊಟ್ಟಿದ್ದ. ನಮ್ಮ ಮಾತಿನಲ್ಲಿ ಮನೆ ಅಳಿಯ. ಮುಂದೆ ಮನೆ ಬಿಟ್ಟು ಹೊರಬಿದ್ದು, ಹೆಂಡತಿ ತನ್ನ ಜೊತೆ ಬರಬೇಕೆಂದು ದಾವೆ ಹೂಡಿದ. ಆ ಬರಹ ಹಿಂದೂ ಕಾನೂನಿಗೂ ಸಾರ್ವಜನಿಕ ನೀತಿಗೂ ವಿರುದ್ಧ ಎಂದು ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಮುಂದೆ ಗಂಡ ಹೆಂಡತಿ ಬೇರೆ ಇರುವುದಕ್ಕೆ ಮೊದಲೇ ದಾರಿ ಮಾಡಿಡುವ ಒಪ್ಪಂದದ ಬಗ್ಗೆ 1911ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿದ್ದೂ ಇದನ್ನೇ.

ಆದರೆ ಹಿಂದೂ ಸಮಾಜಕ್ಕೆ ಮದುವೆಗೆ ಮುಂಚಿನ ಕರಾರೇ ಗೊತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಬಳ್ಳಾರಿ ಮತ್ತು ಅದಕ್ಕೆ ಹೊಂದಿದ ಕರ್ನೂಲು ಭಾಗದ ರೆಡ್ಡಿಗಳಲ್ಲಿ ಇಲ್ಲಟಂ ಎಂಬ ಪದ್ಧತಿ ಇತ್ತು. ಮಗಳನ್ನು ಮದುವೆಯಾಗಿ ಮನೆಯಲ್ಲೇ ಉಳಿದು ಹೊಲಮನೆ ನೋಡಿಕೊಳ್ಳುವ ಅಳಿಯನಿಗೆ ಆಸ್ತಿಯಲ್ಲಿ ಪಾಲು ಎಂದು ಮದುವೆಯ ಹೊತ್ತಿಗೇ ಮಾತಾಗುತ್ತಿತ್ತು. ಬ್ರಿಟಿಷರ ಕಾಲದಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ರೂಢಿ ಎಂದು ಎತ್ತಿ ಹಿಡಿಯಿತು. ಮದುವೆಗೆ ಮುಂಚೆ ಆಸ್ತಿಯ ಮಾತಾಡುವುದು ನಮಗೆ ಅಪಚಾರವಾಗಿರಲಿಲ್ಲ. ಹಸೆಯ ಮೇಲೆ ವರ ಹೇಳುವ ನಾತಿಚರಾಮಿಯಲ್ಲೂ ಧರ್ಮದ ಪಕ್ಕದಲ್ಲೇ ಅರ್ಥ ಕೂತಿದೆಯಲ್ಲವೇ?

ಇನ್ನು ಜೀವನಾಂಶ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ನಾಲ್ಕು ವರ್ಷದ ಹಿಂದೆ ಒಬ್ಬ ಹೆಣ್ಣುಮಗಳು ಒಂದು ಪ್ಲಾಸ್ಟಿಕ್ ಕವರ್ ಎದೆಗವಚಿಕೊಂಡು ನನ್ನ ಕಚೇರಿಗೆ ಬಂದಳು. ಒಳಗೆ ಎರಡು ಪುಟದ ಒಪ್ಪಂದ, ಕೊನೆಯಲ್ಲಿ ನೋಟರಿಯ ದುಂಡು ಮೊಹರು. ನಾಲ್ಕನೆಯ ಷರತ್ತಿನಲ್ಲಿ, ಯಾವುದೇ ಕಾರಣಕ್ಕೆ ಬೇರೆಯಾದರೂ ಗಂಡನಿಂದ ಬಿಡಿಗಾಸನ್ನೂ ಕೇಳುವುದಿಲ್ಲ ಎಂದಿತ್ತು. ನಿಶ್ಚಿತಾರ್ಥದ ಬೆಳಿಗ್ಗೆ ಹೂ ಮುಡಿಸುತ್ತಿದ್ದಾಗ ಸಹಿ ಹಾಕಿಸಿಕೊಂಡಿದ್ದರಂತೆ. ಕೂತಲ್ಲೇ ತೊಡೆಯ ಮೇಲೆ ಇಟ್ಟು ಬರೆದ ಸಹಿ, ಕೊನೆಯ ಅಕ್ಷರ ಮೊಹರಿನ ಮೇಲೆ ಜಾರಿ ಹೋಗಿತ್ತು. ಆ ಕಾಗದಕ್ಕೆ ಹೆದರಿ ಮೂರು ವರ್ಷ ತವರಿನಲ್ಲಿ ಹೊಲಿಗೆ ಹಾಕಿಕೊಂಡು ಮಗುವನ್ನು ಸಾಕಿದ್ದಳು. ಜೀವನಾಂಶದ ಅರ್ಜಿ ಹಾಕಿದೆವು. ಎದುರು ಪಕ್ಷದವರು ಇದೇ ಕಾಗದವನ್ನು ಮುಂದೆ ಮಾಡಿದರು. ನ್ಯಾಯಾಧೀಶರು ಎರಡೂ ಪುಟ ಓದಿ, ಇದರಿಂದ ಅವಳ ಹಕ್ಕು ಹೋಗುವುದಿಲ್ಲ ಎಂದು ಮಧ್ಯಂತರ ಜೀವನಾಂಶಕ್ಕೆ ಆದೇಶ ಮಾಡಿದರು. ಕಾನೂನಿನಲ್ಲಿ ಯಾವ ಬೆಲೆಯೂ ಇಲ್ಲದ ಕಾಗದ ಒಂದು ಹೆಣ್ಣಿನ ಮೂರು ವರ್ಷ ತಿಂದುಹಾಕಿತು. ಅದಕ್ಕೇ ಈ ಷರತ್ತನ್ನು ಬರೆಸಬೇಡಿ, ಬೇರೆಯವರು ಬರೆದು ತಂದರೆ ಸಹಿ ಮಾಡಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಸುಪ್ರೀಂ ಕೋರ್ಟ್ ಕೂಡ 2013ರಲ್ಲಿ ಕಲಬುರಗಿಯಿಂದ ಹೋದ ಒಂದು ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಅಲ್ಲಿ ಹೆಂಡತಿ 8,000 ರೂಪಾಯಿ ಒಮ್ಮೆಗೇ ಪಡೆದು, ಮುಂದೆ ಏನನ್ನೂ ಕೇಳುವುದಿಲ್ಲ ಎಂದು ರಾಜಿ ಪತ್ರಕ್ಕೆ ಒಪ್ಪಿದ್ದಳು. ಅದರಿಂದ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯ ಅಡಿ ಅವಳಿಗಿರುವ ಹಕ್ಕು ಅಳಿಯುವುದಿಲ್ಲ ಎಂದಿತು ನ್ಯಾಯಾಲಯ. ಮದುವೆಯಾದ ಮೇಲೆ, ನ್ಯಾಯಾಲಯದ ಎದುರೇ ಬಿಟ್ಟುಕೊಟ್ಟದ್ದಕ್ಕೆ ಹೀಗಾದರೆ, ಮದುವೆಗೆ ಮುಂಚೆ ಬಿಟ್ಟುಕೊಟ್ಟದ್ದರ ಗತಿ ಏನು?

ನಿಮ್ಮ ಭಯ ಬೇರೆ ಇರಬಹುದು. ಹಿಂದೂ ವಿವಾಹ ಕಾಯಿದೆಯ 24 ಮತ್ತು 25ನೆಯ ಕಲಂಗಳ ಅಡಿ ಗಂಡನೂ ಹೆಂಡತಿಯಿಂದ ಜೀವನಾಂಶ ಕೇಳಬಹುದು, ನಿಜ. ಆದರೆ ನ್ಯಾಯಾಲಯ ಇಬ್ಬರ ವರಮಾನವನ್ನೂ ನೋಡುತ್ತದೆ. 2020ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಇಬ್ಬರೂ ಆಸ್ತಿ, ಸಾಲ, ಸಂಬಳಗಳ ಪ್ರಮಾಣಪತ್ರ ಸಲ್ಲಿಸಲೇಬೇಕು. ನಿಮ್ಮಷ್ಟೇ ದುಡಿಯುವ ಗಂಡನಿಗೆ ನಿಮ್ಮ ಸಂಬಳದಲ್ಲಿ ಪಾಲು ಸಿಗುವುದು ಸುಲಭವಲ್ಲ.

ಫ್ಲ್ಯಾಟಿನ ವಿಷಯಕ್ಕೆ ಬರುತ್ತೇನೆ. ಹಿಂದೂ ಕಾನೂನಿನಲ್ಲಿ ಮದುವೆಯಾದ ಮಾತ್ರಕ್ಕೆ ಇಬ್ಬರ ಆಸ್ತಿ ಒಂದಾಗುವುದಿಲ್ಲ. ನಿಮ್ಮದು ನಿಮ್ಮದೇ. ಮದುವೆಯ ಸಂದರ್ಭದಲ್ಲಿ ಉಡುಗೊರೆಯಾಗಿ ಬಂದು ಇಬ್ಬರಿಗೂ ಜಂಟಿಯಾಗಿ ಸೇರುವಂಥ ವಸ್ತುಗಳ ಬಗ್ಗೆ ಮಾತ್ರ 27ನೆಯ ಕಲಂ ಅಡಿ ನ್ಯಾಯಾಲಯ ಆದೇಶ ಮಾಡಬಹುದು. ತೊಡಕು ಹುಟ್ಟುವುದು ಕಂತಿನಲ್ಲಿ. ಮದುವೆಯ ನಂತರ ಅವರ ಖಾತೆಯಿಂದ ಕಂತು ಹೋದರೆ ನಾಳೆ ಅದು ನನ್ನ ದುಡ್ಡು ಎಂಬ ವಾದ ಬರುತ್ತದೆ. ಕಂತು ನಿಮ್ಮ ಖಾತೆಯಿಂದಲೇ ಹೋಗಲಿ. ಅವರು ನೆರವಾದರೆ ಅದನ್ನು ಸಾಲವೆಂದು ಬರೆದುಕೊಳ್ಳಿ. ಅದು ಸಾಮಾನ್ಯ ಕರಾರು, ಗಂಡ ಹೆಂಡತಿಯ ನಡುವೆಯೂ ನಿಲ್ಲುತ್ತದೆ.

ವಿಚ್ಛೇದನಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 15ನೆಯ ಕಲಂ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡ ಹೆಣ್ಣಿನ ಸ್ವಂತ ಗಳಿಕೆ ಮೊದಲು ಗಂಡ ಮತ್ತು ಮಕ್ಕಳಿಗೆ ಹೋಗುತ್ತದೆ. ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ. ಹೆತ್ತ ತಾಯಿ ತಂದೆಯ ಸರದಿ ಅದರ ನಂತರ. 2009ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇದ್ದದ್ದು ಇಂಥದ್ದೇ ಪ್ರಕರಣ. ಮದುವೆಯಾದ ಕೆಲವೇ ತಿಂಗಳಲ್ಲಿ ಗಂಡ ಹಾವು ಕಚ್ಚಿ ತೀರಿಕೊಂಡ, ಅತ್ತೆಮನೆಯವರು ಅವಳನ್ನು ಹೊರಗೆ ಹಾಕಿದರು. ತವರಿಗೆ ಬಂದು ಓದಿ, ನೌಕರಿ ಮಾಡಿ, ದುಡ್ಡು ಕೂಡಿಟ್ಟಳು. ಉಯಿಲು ಬರೆಯಲಿಲ್ಲ. ಅವಳ ದುಡಿಮೆ ಹೋದದ್ದು ಅವಳನ್ನು ಹೊರಗೆ ಹಾಕಿದ ಗಂಡನ ಕಡೆಯವರಿಗೆ, ಬೆನ್ನಿಗೆ ನಿಂತ ತಾಯಿಗಲ್ಲ. ಕಾಯಿದೆ ಇರುವುದೇ ಹಾಗೆ, ಅನುಕಂಪಕ್ಕೆ ಜಾಗವಿಲ್ಲ ಎಂದಿತು ನ್ಯಾಯಾಲಯ. ಈ ತೀರ್ಪನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನೀವು ಉಯಿಲು ಬರೆಯಿರಿ. ಇಬ್ಬರು ಸಾಕ್ಷಿಗಳು ಸಾಕು. ನೋಂದಣಿ ಕಡ್ಡಾಯವಲ್ಲ, ಆದರೆ ಉಪನೋಂದಣಿ ಕಚೇರಿಯಲ್ಲಿ ಮಾಡಿಸಿದರೆ ಒಳ್ಳೆಯದು. ಹಿಂದೂಗಳ ಉಯಿಲು ಮದುವೆಯಿಂದ ರದ್ದಾಗುವುದಿಲ್ಲ, ಆದ್ದರಿಂದ ಮಾಘದವರೆಗೆ ಕಾಯಬೇಕಿಲ್ಲ.

ಹಾಗಾದರೆ ಈ ದೇಶದಲ್ಲಿ ಎಲ್ಲೂ ಇಂಥ ಒಪ್ಪಂದ ನಡೆಯುವುದಿಲ್ಲವೇ? ನಡೆಯುತ್ತದೆ, ಕಾರವಾರದ ಮಾಜಾಳಿ ದಾಟಿದರೆ ಸಾಕು. ಗೋವಾದಲ್ಲಿ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ಪರಂಪರೆ ಹಿಂದೂಗಳಿಗೂ ಅನ್ವಯಿಸುತ್ತದೆ. ಏನೂ ಬರೆಯದಿದ್ದರೆ ಗಂಡ ಹೆಂಡತಿಯ ಆಸ್ತಿ ಇಬ್ಬರಿಗೂ ಸಮ. ಬೇರೆಯಾಗಿ ಇರಲಿ ಎಂದರೆ ಮದುವೆಗೆ ಮುಂಚೆಯೇ ಅಧಿಕೃತ ಪತ್ರ ಮಾಡಿಸಬೇಕು, ಆಮೇಲೆ ಬದಲಾಯಿಸುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲೂ ಅಲ್ಲಿ ನೆಲೆಸಿ ಗಳಿಸಿದ್ದು ಇಬ್ಬರಿಗೂ ಸೇರಿದ್ದು, ಮದುವೆಗೆ ಮುಂಚಿನ ಒಪ್ಪಂದಕ್ಕೆ ಮಾನ್ಯತೆಯೂ ಇದೆ. ಆದರೆ ಅಂತಿಮ ಕರಡು ಕೈಗೆ ಬಂದು ಏಳು ದಿನವಾದರೂ ಕಳೆದ ಮೇಲೆ ಸಹಿಯಾಗಬೇಕು, ಜೀವನಾಂಶ ಬಿಡುವವರಿಗೆ ಅವರದೇ ವಕೀಲರಿರಬೇಕು. ಅಲ್ಲಿಗೆ ಹೋಗುವುದು ಖಚಿತವಾದರೆ ಅಲ್ಲಿನ ವಕೀಲರನ್ನು ಮದುವೆಗೆ ಮುಂಚೆಯೇ ಕೇಳಿ. ಆ ಏಳು ದಿನದ ನಿಯಮ ಇಲ್ಲಿದ್ದಿದ್ದರೆ ಹೂ ಮುಡಿಸುವಾಗ ಸಹಿ ಹಾಕಿಸಿಕೊಳ್ಳಲು ಆಗುತ್ತಿರಲಿಲ್ಲ. ನಮ್ಮ ಕಾನೂನೂ ಇಂಥ ಕಟ್ಟುಪಾಡುಗಳೊಂದಿಗೆ ಒಪ್ಪಂದವನ್ನು ಮಾನ್ಯ ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೊನೆಗೆ, ನೀವು ಕೇಳದ ಒಂದು ಕಾಗದ. ನಮ್ಮ ಕಡೆ ಮಾತುಕತೆ ಮುಗಿದ ಮೇಲೆ ಯಾದಿ ಮಾಡುತ್ತಾರೆ, ಯಾರು ಏನು ಕೊಡಬೇಕು ಎಂಬ ಪಟ್ಟಿ. ನನ್ನ ತಾಯಿಯ ಮದುವೆಯ ಯಾದಿ ನನ್ನ ಬಳಿ ಇದೆ. ಲೆಕ್ಕದ ಪುಸ್ತಕದಿಂದ ಹರಿದ ಹಾಳೆ, ನಾಲ್ಕು ಮೂಲೆಗೂ ಅರಿಸಿನ, ಬೆಳ್ಳಿ ಆರತಿ ತಟ್ಟೆಯಿಂದ ಶುರುವಾಗಿ ತಾಮ್ರದ ಹಂಡೆಯವರೆಗೆ. ಕೆಳಗೆ ಐದು ಹಿರಿಯರ ಸಹಿ. ನನ್ನ ತಾಯಿಯದೂ ಇಲ್ಲ, ತಂದೆಯದೂ ಇಲ್ಲ. ಹೀಗೆ ಕೊಡಲೇಬೇಕೆಂದು ಬರೆದ ಪಟ್ಟಿ ಇಂದು ವರದಕ್ಷಿಣೆಯ ಕರಾರಾಗುತ್ತದೆ. 1961ರ ವರದಕ್ಷಿಣೆ ನಿಷೇಧ ಕಾಯಿದೆಯ ಪ್ರಕಾರ ಅದು ಶೂನ್ಯ, ಅಪರಾಧವೂ ಹೌದು. ನಿಮ್ಮ ಒಪ್ಪಂದದಲ್ಲಿ ಅಂಥ ಒಂದು ಸಾಲೂ ನುಸುಳದಿರಲಿ.

ಆದರೆ ಅದೇ ಕಾಯಿದೆಯ ಅಡಿ 1985ರಲ್ಲಿ ಬಂದ ನಿಯಮಗಳು, ಯಾರೂ ಕೇಳದೆ ಬಂದ ಉಡುಗೊರೆಗಳ ಪಟ್ಟಿಯನ್ನು ಬರೆದಿಡಲು ಹೇಳುತ್ತವೆ. ವಧುವಿಗೆ ಬಂದದ್ದರ ಪಟ್ಟಿ ವಧುವಿನ ಬಳಿ, ವರನಿಗೆ ಬಂದದ್ದರದು ವರನ ಬಳಿ. ಪ್ರತಿ ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಅವರು ಏನಾಗಬೇಕು ಎಂಬುದು ಇರಬೇಕು, ಕೆಳಗೆ ವಧು ಮತ್ತು ವರ ಇಬ್ಬರೂ ಸಹಿ ಮಾಡಬೇಕು. ಸ್ತ್ರೀಧನ ಹೆಣ್ಣಿನ ಸಂಪೂರ್ಣ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಆದರೂ ನನ್ನ ಬಳಿ ಬರುವ ಹತ್ತು ಪ್ರಕರಣಗಳಲ್ಲಿ ಒಂಬತ್ತರಲ್ಲಿ ಯಾವ ಬಳೆ ಯಾರದೆಂದು ಸಾಬೀತು ಮಾಡಲು ಮದುವೆಯ ಫೋಟೋಗಳನ್ನು ಹಿಗ್ಗಿಸಿ ನೋಡುತ್ತಾ ಕೂರುತ್ತೇವೆ. ಇದರ ಜೊತೆಗೆ ಇಬ್ಬರ ಸಾಲ ಮತ್ತು ಆಸ್ತಿಯ ವಿವರವನ್ನೂ ಪ್ರಾಮಾಣಿಕವಾಗಿ ಬರೆದು ಪರಸ್ಪರ ಕೊಟ್ಟುಕೊಳ್ಳಿ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯ 14ನೆಯ ಕಲಂ ಪ್ರಕಾರ, ವಿವಾದ ಬಗೆಹರಿಸಲು ನೆರವಾಗುವ ಯಾವ ದಾಖಲೆಯನ್ನಾದರೂ ನ್ಯಾಯಾಲಯ ನೋಡಬಹುದು.

ಉಡುಗೊರೆಯ ಪಟ್ಟಿಯನ್ನು ಮಾತ್ರ ಮುಂದೂಡಬೇಡಿ. ಕೊಟ್ಟವರ ಹೆಸರು ನೆನಪಿರುವಾಗಲೇ, ಛತ್ರ ಖಾಲಿ ಮಾಡುವ ಮೊದಲು, ಇಬ್ಬರೂ ಕೂತು ಬರೆದು ಸಹಿ ಹಾಕಿ. ಒಂದು ಪ್ರತಿ ನಿಮ್ಮ ತಾಯಿಯ ಕೈಯಲ್ಲಿರಲಿ.