‘ಸಂಶೋಧನೆಗಳು ಸಾಬೀತುಪಡಿಸಿವೆ’ ಎಂದು ಬರೆದ ಲೇಖಕರಿಗೆ

ಪ್ರಿಯ ಲೇಖಕರೇ,

‘ಬಗೆಬಗೆಯ ಮಂದಿ, ಬಲವಾದ ತಂಡ’ ಎಂಬ ನಿಮ್ಮ ಲೇಖನವನ್ನು ಓದಿ, ಪಕ್ಕಕ್ಕಿಟ್ಟು, ಮತ್ತೆ ಓದಿದೆ. ತಂಡದಲ್ಲಿ ಭಿನ್ನ ಹಿನ್ನೆಲೆಯವರು ಇರುವುದು, ಅವರ ನಡುವಿನ ಮಾತುಕತೆ, ನೌಕರರ ಆಯ್ಕೆ ಈ ಮೂರನ್ನು ಸಾಂಸ್ಥಿಕ ಮನೋವಿಜ್ಞಾನ ಹೇಗೆ ನೋಡುತ್ತದೆ ಎಂದು ಸಾಮಾನ್ಯ ಓದುಗರಿಗೆ ತಿಳಿಸಲು ಹೊರಟಿದ್ದೀರಿ. ವಿಷಯ ಬೇಕಾದದ್ದೇ. ನಿಮ್ಮ ಭಾಷೆ ತಿಳಿಯಾಗಿದೆ, ಪರಿಭಾಷೆಯ ಹೊರೆ ಇಲ್ಲ. ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ‘ಪರಿಶೀಲನೆಯಲ್ಲಿದೆ’ ಎಂದು ಬರೆದು ನಿಮ್ಮನ್ನು ಕಾಯಿಸುವುದಕ್ಕಿಂತ ಕಾರಣವನ್ನು ಬಿಡಿಸಿ ಹೇಳುವುದು ಮೇಲೆನಿಸಿತು. ನನ್ನನ್ನು ತಡೆದದ್ದು ಎರಡೇ ಎರಡು ಜಾಗಗಳು. ಉಳಿದದ್ದನ್ನು ಈ ಪತ್ರದಲ್ಲಿ ಮುಟ್ಟುವುದಿಲ್ಲ.

ಮೊದಲನೆಯದು ಎರಡನೇ ಪುಟದ ಆರಂಭದಲ್ಲಿದೆ. ನಿಮ್ಮ ಸಾಲುಗಳನ್ನು ಹಾಗೆಯೇ ಎತ್ತಿ ಬರೆಯುತ್ತೇನೆ: “ವೈವಿಧ್ಯವಿರುವ ತಂಡಗಳು ಏಕರೂಪದ ತಂಡಗಳಿಗಿಂತ ಚೆನ್ನಾಗಿ ಕೆಲಸ ಮಾಡುತ್ತವೆ ಎಂದು ಸಂಶೋಧನೆಗಳು ಸಾಬೀತುಪಡಿಸಿವೆ. ಬೇರೆ ಬೇರೆ ಹಿನ್ನೆಲೆಯವರು ಕೂಡಿದಾಗ ಬೇರೆ ಬೇರೆ ಮಾಹಿತಿ ಒಂದೆಡೆ ಸೇರುತ್ತದೆ. ಹೀಗಾಗಿ ನಿರ್ಧಾರಗಳ ಗುಣಮಟ್ಟ ತಾನಾಗಿಯೇ ಹೆಚ್ಚುತ್ತದೆ.”

ಮೊದಲ ವಾಕ್ಯವನ್ನು ನೋಡಿ. ಯಾವ ಸಂಶೋಧನೆಗಳು? ಯಾರ ಮೇಲೆ ನಡೆದವು? ಯಾವ ಬಗೆಯ ಭಿನ್ನತೆಯನ್ನು ಅಳೆದವು? ಇದಾವುದನ್ನೂ ಹೇಳದೆ ನೇರವಾಗಿ ತೀರ್ಪು ಕೊಟ್ಟಿದ್ದೀರಿ, ಆ ತೀರ್ಪೂ ಸರಿಯಲ್ಲ. ಗುಂಟರ್ ಸ್ಟಾಲ್ ಮತ್ತು ಸಂಗಡಿಗರು 2010ರಲ್ಲಿ 108 ಅಧ್ಯಯನಗಳನ್ನು, ಅಂದರೆ ಹತ್ತು ಸಾವಿರಕ್ಕೂ ಹೆಚ್ಚು ತಂಡಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದರು. ಸದಸ್ಯರ ನಡುವಿನ ಸಾಂಸ್ಕೃತಿಕ ಭಿನ್ನತೆಗೂ ತಂಡದ ಸಾಧನೆಗೂ ನೇರವಾದ ನಂಟು ಅಲ್ಲಿ ಕಾಣಲಿಲ್ಲ. ಭಿನ್ನತೆಯಿಂದ ಸೃಜನಶೀಲತೆ ಹೆಚ್ಚಿತ್ತು, ಜೊತೆಗೆ ಕೆಲಸದ ಬಗೆಗಿನ ಘರ್ಷಣೆಯೂ ಹೆಚ್ಚಿತ್ತು, ಸದಸ್ಯರ ನಡುವಿನ ಒಗ್ಗಟ್ಟು ಸಡಿಲಗೊಂಡಿತ್ತು. ಗಳಿಕೆಯನ್ನು ನಷ್ಟ ಸರಿದೂಗಿಸಿತ್ತು. ಮರುವರ್ಷ ಸುಝೇನ್ ಬೆಲ್ ಮತ್ತು ಸಂಗಡಿಗರು ಪ್ರಕಟಿಸಿದ ಇನ್ನೊಂದು ಒಟ್ಟು ವಿಶ್ಲೇಷಣೆ ಭಿನ್ನತೆಯ ಬಗೆಗಳನ್ನು ಬೇರ್ಪಡಿಸಿ ನೋಡಿತು. ಸದಸ್ಯರು ವಿನ್ಯಾಸ, ಮಾರಾಟ, ಉತ್ಪಾದನೆಯಂಥ ಬೇರೆ ಬೇರೆ ವಿಭಾಗಗಳ ಅನುಭವ ಹೊಂದಿದ್ದಲ್ಲಿ ಪುಟ್ಟ ಲಾಭ ಕಾಣಿಸಿತು. ಲಿಂಗ, ಜನಾಂಗದ ಭಿನ್ನತೆಗೆ ಅಂಥ ಲಾಭ ಕಾಣಿಸಲಿಲ್ಲ.

ಇದನ್ನು ಓದಿ ನೀವು ಕಳವಳಗೊಳ್ಳಬಹುದು, ಹಾಗಾದರೆ ವೈವಿಧ್ಯವೇ ಬೇಡವೆಂದು ಬರೆಯಬೇಕೇ ಎಂದು ಕೇಳಬಹುದು. ಖಂಡಿತ ಬೇಡ. ಎಲ್ಲರಿಗೂ ಕೆಲಸದ ಅವಕಾಶ ಸಿಗಬೇಕೆಂಬುದು ನ್ಯಾಯದ ಮಾತು. ತಂಡದ ಲಾಭ ಹೆಚ್ಚಾದರೆ ಮಾತ್ರ ಅದು ನಿಲ್ಲುತ್ತದೆ ಎಂಬಂತೆ ಬರೆದರೆ, ನಾಳೆ ಯಾರಾದರೂ ಲಾಭವಿಲ್ಲವೆಂದು ಅಂಕಿ ತೋರಿಸಿದಾಗ ಆ ನ್ಯಾಯವನ್ನೇ ಕೈಯಾರೆ ಬಿಟ್ಟುಕೊಟ್ಟಂತಾಗುತ್ತದೆ. ನಿಮ್ಮ ಕಾಳಜಿ ನನ್ನದೂ ಹೌದು. ಅದಕ್ಕೆ ಒರಗಿ ನಿಲ್ಲಲು ನೀವು ಕೊಟ್ಟ ಆಸರೆ ದುರ್ಬಲವಾಗಿದೆ ಎಂಬುದೇ ನನ್ನ ತಕರಾರು.

ಎರಡನೇ ವಾಕ್ಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾಹಿತಿ ಒಂದು ಕೋಣೆಯೊಳಗೆ ಬರುತ್ತದೆ ಎಂಬಷ್ಟಕ್ಕೆ ಅದು ನಿಜ.

ಮೂರನೇ ವಾಕ್ಯದ ‘ತಾನಾಗಿಯೇ’ ಎಂಬಲ್ಲಿ ನಾನು ಬಹಳ ಹೊತ್ತು ನಿಂತೆ. ಈ ಕ್ಷೇತ್ರ ನಾಲ್ಕು ದಶಕಗಳಿಂದ ಶ್ರಮಪಟ್ಟು ತೋರಿಸಿರುವುದು ಇದಕ್ಕೆ ತದ್ವಿರುದ್ಧವಾದದ್ದನ್ನು. ಗ್ಯಾರಲ್ಡ್ ಸ್ಟಾಸರ್ ಮತ್ತು ವಿಲಿಯಂ ಟೈಟಸ್ 1985ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ವಿದ್ಯಾರ್ಥಿಗಳನ್ನು ನಾಲ್ಕು ನಾಲ್ಕು ಜನರ ಗುಂಪುಗಳಾಗಿ ಕೂರಿಸಿ, ವಿದ್ಯಾರ್ಥಿ ಸಂಘದ ಅಧ್ಯಕ್ಷ ಸ್ಥಾನಕ್ಕೆ ಮೂವರು ಕಾಲ್ಪನಿಕ ಅಭ್ಯರ್ಥಿಗಳಲ್ಲಿ ಒಬ್ಬರನ್ನು ಆರಿಸುವಂತೆ ಹೇಳಲಾಯಿತು. ಅಭ್ಯರ್ಥಿಗಳ ವಿವರವನ್ನು ಪ್ರತಿಯೊಬ್ಬರೂ ಹಾಳೆಯಲ್ಲಿ ಓದಿ ಆಮೇಲೆ ಚರ್ಚೆಗೆ ಕೂತರು. ಎಲ್ಲ ವಿವರಗಳನ್ನೂ ಸೇರಿಸಿ ನೋಡಿದರೆ ಒಬ್ಬ ಅಭ್ಯರ್ಥಿ ಉಳಿದಿಬ್ಬರಿಗಿಂತ ಸ್ಪಷ್ಟವಾಗಿ ಮೇಲು. ಕೆಲವು ಗುಂಪುಗಳಲ್ಲಿ ಎಲ್ಲ ವಿವರವನ್ನೂ ನಾಲ್ವರಿಗೂ ಕೊಟ್ಟಿದ್ದರು. ಇನ್ನು ಕೆಲವು ಗುಂಪುಗಳಲ್ಲಿ ಆ ಉತ್ತಮ ಅಭ್ಯರ್ಥಿಯ ಒಳ್ಳೆಯ ಗುಣಗಳನ್ನು ನಾಲ್ವರ ನಡುವೆ ಹಂಚಿ, ಕೊರತೆಗಳನ್ನು ಮಾತ್ರ ಎಲ್ಲರ ಹಾಳೆಯಲ್ಲೂ ಬರೆದಿದ್ದರು. ಹಾಗಾಗಿ ಒಬ್ಬೊಬ್ಬರೇ ನೋಡಿದಾಗ ಆತ ಸಾಮಾನ್ಯನಂತೆ ಕಾಣುತ್ತಿದ್ದ. ನಾಲ್ವರೂ ತಮಗೆ ಗೊತ್ತಿದ್ದದ್ದನ್ನು ಮೇಜಿನ ಮೇಲಿಟ್ಟರೆ ಸಾಕು, ಸತ್ಯ ಹೊರಬರಬೇಕಿತ್ತು. ಎಲ್ಲ ವಿವರ ಎಲ್ಲರಿಗೂ ತಿಳಿದಿದ್ದ ಗುಂಪುಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವು ಆತನನ್ನೇ ಆರಿಸಿದವು. ವಿವರ ಹಂಚಿಹೋಗಿದ್ದ ಗುಂಪುಗಳಲ್ಲಿ ಹಾಗೆ ಆರಿಸಿದವು ಕಾಲು ಭಾಗಕ್ಕಿಂತಲೂ ಕಡಿಮೆ. ಚರ್ಚೆಗೆ ಅಡ್ಡಿಯಿರಲಿಲ್ಲ, ಮಾತಿಗೆ ಕೊರತೆಯಿರಲಿಲ್ಲ. ಆದರೆ ಎಲ್ಲರಿಗೂ ಮೊದಲೇ ಗೊತ್ತಿದ್ದ ಸಂಗತಿಗಳ ಸುತ್ತಲೇ ಚರ್ಚೆ ತಿರುಗಿರಬೇಕು, ಒಬ್ಬರಿಗಷ್ಟೇ ಗೊತ್ತಿದ್ದದ್ದು ಅವರಲ್ಲೇ ಉಳಿದಿರಬೇಕು ಎಂದು ಸಂಶೋಧಕರು ತರ್ಕಿಸಿದರು.

ಇದೊಂದು ಒಂಟಿ ಪ್ರಯೋಗವಾಗಿದ್ದರೆ ನಾನು ಇಷ್ಟು ಪಟ್ಟು ಹಿಡಿಯುತ್ತಿರಲಿಲ್ಲ. 2012ರಲ್ಲಿ ಲಿ ಲು ಮತ್ತು ಸಂಗಡಿಗರು ಈ ಮಾದರಿಯ 65 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗಲೂ ಅದೇ ಚಿತ್ರ ಮೂಡಿತು: ಮಾಹಿತಿ ಹಂಚಿಹೋಗಿದ್ದಾಗ ಗುಂಪು ಸರಿಯಾದ ಉತ್ತರ ಕಾಣುವ ಸಾಧ್ಯತೆ, ಎಲ್ಲರಿಗೂ ಎಲ್ಲವೂ ತಿಳಿದಿದ್ದಾಗ ಇದ್ದ ಸಾಧ್ಯತೆಯ ಎಂಟನೇ ಒಂದರಷ್ಟಿತ್ತು. ನಿಮ್ಮ ಲೇಖನಕ್ಕೆ ಇನ್ನೂ ಹತ್ತಿರದ್ದು ಜೆಸಿಕಾ ಮೆಸ್ಮರ್-ಮ್ಯಾಗ್ನಸ್ ಮತ್ತು ಲೆಸ್ಲಿ ಡಿಚರ್ಚ್ 2009ರಲ್ಲಿ 72 ಅಧ್ಯಯನಗಳನ್ನು ಒಟ್ಟು ಮಾಡಿ ಕಂಡುಕೊಂಡದ್ದು. ಮಾಹಿತಿ ಹಂಚಿಕೊಳ್ಳುವ ತಂಡಗಳ ಸಾಧನೆ ಉತ್ತಮವಾಗಿರುತ್ತದೆ, ನಿಜ. ಆದರೆ ತಂಡಗಳು ಹೆಚ್ಚು ಹಂಚಿಕೊಳ್ಳುವುದು ಸದಸ್ಯರು ಒಬ್ಬರನ್ನೊಬ್ಬರು ಹೋಲುವಾಗ, ಹಂಚಿಕೊಳ್ಳಬೇಕಾದದ್ದು ಎಲ್ಲರಿಗೂ ಆಗಲೇ ತಿಳಿದಿರುವಾಗ. ಎಂದರೆ, ಹಂಚಿಕೊಳ್ಳುವ ಅಗತ್ಯ ಎಲ್ಲಿ ಹೆಚ್ಚೋ ಅಲ್ಲಿಯೇ ಹಂಚಿಕೆ ಕಡಿಮೆ. ಈ ಒಂದು ಸಂಗತಿ ನಿಮ್ಮ ಲೇಖನದ ನಡುಮಧ್ಯದಲ್ಲಿ ಇರಬೇಕಿತ್ತು. ನೀವು ವೈವಿಧ್ಯಕ್ಕೆ ಒಂದು ಅಧ್ಯಾಯ, ಸಂವಹನಕ್ಕೆ ಇನ್ನೊಂದು ಎಂದು ಬೇಲಿ ಹಾಕಿಬಿಟ್ಟಿದ್ದೀರಿ. ಎರಡೂ ಒಂದೇ ಪ್ರಶ್ನೆಯ ಎರಡು ತುದಿಗಳೆಂಬುದು ಓದುಗರಿಗೆ ತಿಳಿಯುವುದೇ ಇಲ್ಲ.

ಡಾನ್ ವಾನ್ ಕ್ನಿಪ್ಪನ್‌ಬರ್ಗ್ ಮತ್ತು ಸಂಗಡಿಗರು 2004ರಲ್ಲಿ ಮುಂದಿಟ್ಟ ವಿವರಣೆಯನ್ನೂ ನೀವು ಓದಬೇಕು. ಭಿನ್ನತೆಯಿಂದ ಎರಡು ದಾರಿಗಳು ತೆರೆದುಕೊಳ್ಳುತ್ತವೆ ಎನ್ನುತ್ತಾರೆ ಅವರು: ಒಂದರಲ್ಲಿ ಸದಸ್ಯರು ‘ನಮ್ಮವರು, ಅವರು’ ಎಂದು ಬೇರ್ಪಟ್ಟು ಮಾತು ನಿಂತುಹೋಗುತ್ತದೆ, ಇನ್ನೊಂದರಲ್ಲಿ ಒಬ್ಬರ ಮಾಹಿತಿಯನ್ನು ಮತ್ತೊಬ್ಬರು ಕೇಳಿ, ಪ್ರಶ್ನಿಸಿ, ಬೆಳೆಸಿ ನಿರ್ಧಾರ ಗಟ್ಟಿಯಾಗುತ್ತದೆ. ಮೊದಲನೆಯದು ಬಲವಾದರೆ ಎರಡನೆಯದು ಕೆಡುತ್ತದೆ. ಯಾವ ದಾರಿ ಹಿಡಿಯುತ್ತದೆ ಎಂಬುದು ಕೆಲಸದ ಸ್ವರೂಪ, ಸದಸ್ಯರ ಸಾಮರ್ಥ್ಯ, ಮನಸ್ಸು ಇವುಗಳ ಮೇಲೆ ನಿಂತಿದೆ.

ನಾನು ಉಪಸಂಪಾದಕಿಯಾಗಿ ಸೇರಿದ ಹೊಸದರಲ್ಲಿ ವಿಜ್ಞಾನದ ಪುಟ ನೋಡುತ್ತಿದ್ದ ಹಿರಿಯರೊಬ್ಬರಿದ್ದರು. ‘ತಜ್ಞರ ಪ್ರಕಾರ’, ‘ಅಧ್ಯಯನಗಳು ಹೇಳುವಂತೆ’ ಎಂಬ ಮಾತು ಕಂಡಲ್ಲೆಲ್ಲ ಅವರು ಅದರ ಕೆಳಗೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು, ಅಂಚಿನಲ್ಲಿ ‘ಯಾರು ಏನು ಮಾಡಿದರು?’ ಎಂದು ಬರೆಯುತ್ತಿದ್ದರು. ಆಮೇಲೆ ನನ್ನನ್ನು ಎದುರು ಕೂರಿಸಿಕೊಂಡು ಕಾಗದ ಮುಚ್ಚಿಡಲು ಹೇಳಿ, ಆ ಅಧ್ಯಯನವನ್ನು ಬಾಯಲ್ಲಿ ವಿವರಿಸುವಂತೆ ಕೇಳುತ್ತಿದ್ದರು. ಕೋಣೆಯಲ್ಲಿ ಎಷ್ಟು ಜನ ಕೂತಿದ್ದರು? ಅವರ ಕೈಗೆ ಏನು ಕೊಟ್ಟರು? ಯಾವುದನ್ನು ಅಳೆದರು? ಏನನ್ನು ಯಾವುದಕ್ಕೆ ಹೋಲಿಸಿದರು? ಇಷ್ಟಕ್ಕೆ ಉತ್ತರ ಸಿಕ್ಕಿದರೆ ಮಾತ್ರ ಪುಟಕ್ಕೆ ಹೋಗುತ್ತಿತ್ತು. ಅಂಕಿ ಬಂದಲ್ಲಿ ಅವರದು ಇನ್ನೊಂದು ಪ್ರಶ್ನೆ ಇರುತ್ತಿತ್ತು: ‘ಇದು ಎಷ್ಟರಲ್ಲಿ ಎಷ್ಟು?’ ಅವರ ಧ್ವನಿಯಲ್ಲಿ ಗದರಿಕೆ ಇರಲಿಲ್ಲ, ಬಿಡುವ ಮನಸ್ಸೂ ಇರಲಿಲ್ಲ. ಇವತ್ತಿಗೂ ಯಾವ ಲೇಖನ ಕೈಗೆ ಬಂದರೂ ನಾನು ಅದೇ ಪ್ರಶ್ನೆಗಳನ್ನು ಕೇಳುತ್ತೇನೆ, ಅವರ ಋಣ ಅಷ್ಟು ದೊಡ್ಡದು.

‘ಎಷ್ಟರಲ್ಲಿ ಎಷ್ಟು?’ ಎಂಬ ಆ ಪ್ರಶ್ನೆ ನನ್ನ ಎರಡನೇ ತಕರಾರಿಗೆ ತಂದು ನಿಲ್ಲಿಸುತ್ತದೆ. ಐದನೇ ಪುಟದಲ್ಲಿ ಬರೆದಿದ್ದೀರಿ: “ಪೂರ್ವಸಿದ್ಧ ಪ್ರಶ್ನೆಗಳ ಸಂದರ್ಶನ ಶೇಕಡಾ 51ರಷ್ಟು ನಿಖರವಾಗಿದ್ದರೆ, ಸಾಮಾನ್ಯ ಸಂದರ್ಶನ ಶೇಕಡಾ 38ರಷ್ಟು ಮಾತ್ರ ನಿಖರ.” ಈ ಅಂಕಿಗಳು ಎಲ್ಲಿಂದ ಬಂದವೆಂದು ನನಗೆ ಗೊತ್ತು. ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ, ನೌಕರರ ಆಯ್ಕೆ ಕುರಿತ 85 ವರ್ಷಗಳ ಸಂಶೋಧನೆಯನ್ನು ಒಟ್ಟುಗೂಡಿಸಿ ಕೊಟ್ಟವು ಅವು. ಆದರೆ ಅವರು ಕೊಟ್ಟದ್ದು 0.51 ಮತ್ತು 0.38, ಶೇಕಡಾವಾರು ಅಲ್ಲ, ಸಹಸಂಬಂಧ ಗುಣಾಂಕಗಳು. ಸಂದರ್ಶನದಲ್ಲಿ ಬಂದ ಅಂಕ ಮತ್ತು ಆಮೇಲೆ ಕೆಲಸದಲ್ಲಿ ತೋರಿದ ಸಾಧನೆ ಎಷ್ಟರ ಮಟ್ಟಿಗೆ ಜೊತೆಜೊತೆಯಾಗಿ ಏರಿಳಿಯುತ್ತವೆ ಎಂಬುದನ್ನು ಅದು ಹೇಳುತ್ತದೆ. ಸೊನ್ನೆ ಎಂದರೆ ನಂಟಿಲ್ಲ, ಒಂದು ಎಂದರೆ ಪೂರ್ತಿ ನಂಟು. 0.51ನ್ನು ವರ್ಗ ಮಾಡಿದರೆ 0.26, ಜನರ ಸಾಧನೆಯಲ್ಲಿ ಕಾಣುವ ವ್ಯತ್ಯಾಸದ ಸುಮಾರು ಕಾಲು ಭಾಗ ಸಂದರ್ಶನದ ಅಂಕದೊಡನೆ ಹೊಂದಿಕೊಳ್ಳುತ್ತದೆ, ಉಳಿದದ್ದು ಹೊರಗೇ ಉಳಿಯುತ್ತದೆ ಎಂದರ್ಥ. ನಿಮ್ಮ ವಾಕ್ಯ ಓದಿದವರು ನೂರು ಜನರನ್ನು ಆರಿಸಿದರೆ ಐವತ್ತೊಂದು ಆಯ್ಕೆ ಸರಿಯಾಗುತ್ತದೆಂದು ತಿಳಿಯುತ್ತಾರೆ. ಇಲ್ಲದ ಅರ್ಥವನ್ನು ನೀವು ಅವರ ಕೈಗೆ ಕೊಟ್ಟಿದ್ದೀರಿ.

ಅದಕ್ಕಿಂತ ಮುಖ್ಯವಾಗಿ, ಆ ಅಂಕಿಗಳೇ ಈಗ ಬದಲಾಗಿವೆ. ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಇಡೀ ಲೆಕ್ಕವನ್ನು ಮರುಪರಿಶೀಲಿಸಿದರು. ಇದರ ಹಿಂದಿನ ತರ್ಕ ತಿಳಿಯಬೇಕಾದದ್ದು. ಕೆಲಸಕ್ಕೆ ಸೇರಿದವರ ಸಾಧನೆಯನ್ನಷ್ಟೇ ಅಳೆಯಲು ಸಾಧ್ಯ, ತಿರಸ್ಕೃತರದ್ದು ಎಂದೂ ತಿಳಿಯದು. ಎತ್ತರದವರನ್ನೇ ಆರಿಸಿ ಕಟ್ಟಿದ ಬ್ಯಾಸ್ಕೆಟ್‌ಬಾಲ್ ತಂಡದೊಳಗೆ ಎತ್ತರಕ್ಕೂ ಆಟಕ್ಕೂ ನಂಟು ಕಾಣದಿರುವಂತೆ, ಆಯ್ದವರ ಗುಂಪಿನಲ್ಲಿ ಪರೀಕ್ಷೆಯ ಬೆಲೆ ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಹಾಗಾಗಿ ಸಂಶೋಧಕರು ಅಂಕಿಯನ್ನು ಮೇಲಕ್ಕೆ ಸರಿಪಡಿಸುತ್ತಾರೆ. ಆದರೆ ಹಲವು ಅಧ್ಯಯನಗಳು ಆಗಲೇ ಕೆಲಸದಲ್ಲಿದ್ದ ನೌಕರರ ಮೇಲೆ ನಡೆದಿದ್ದವು. ಅವರು ಆ ಪರೀಕ್ಷೆಯಿಂದ ಆಯ್ಕೆಯಾದವರೇ ಅಲ್ಲ, ಅಲ್ಲಿ ಅಷ್ಟು ದೊಡ್ಡ ತಿದ್ದುಪಡಿಗೆ ಆಧಾರವಿರಲಿಲ್ಲ. ಆ ಅತಿಯಾದ ತಿದ್ದುಪಡಿಯನ್ನು ತೆಗೆದಾಗ ಪೂರ್ವಸಿದ್ಧ ಸಂದರ್ಶನದ ಅಂಕಿ 0.42ಕ್ಕೆ ಇಳಿಯಿತು, ಸಾಮಾನ್ಯ ಸಂದರ್ಶನದ್ದು 0.19ಕ್ಕೆ. ಬುದ್ಧಿಸಾಮರ್ಥ್ಯದ ಪರೀಕ್ಷೆಯದು 0.51ರಿಂದ 0.31ಕ್ಕೆ ಬಂತು. ಈ ಮೂರೂ ಇಳಿದವು, ಪಟ್ಟಿಯ ಮೇಲ್ತುದಿಯಲ್ಲಿ ಪೂರ್ವಸಿದ್ಧ ಸಂದರ್ಶನ ಉಳಿಯಿತು, ಸಾಮಾನ್ಯ ಸಂದರ್ಶನಕ್ಕೂ ಅದಕ್ಕೂ ಇರುವ ಅಂತರ ಹಿಂದಿಗಿಂತ ಹೆಚ್ಚಾಯಿತು. ನಿಮ್ಮ ವಾದಕ್ಕೆ ಇದರಿಂದ ಬಲವೇ ಬರುತ್ತಿತ್ತು. ಹಳೆಯ ಅಂಕಿ ಹಿಡಿದು ಆ ಬಲವನ್ನು ಕಳೆದುಕೊಂಡಿದ್ದೀರಿ.

ಇಷ್ಟಾದ ಮೇಲೆ ಮರುಸಾಲಿನಲ್ಲೇ ಬರೆಯುತ್ತೀರಿ: “ಆದರೂ ಅನುಭವಿ ಸಂದರ್ಶಕರು ನಾಲ್ಕು ಮಾತಿನಲ್ಲೇ ಅಭ್ಯರ್ಥಿಯ ಯೋಗ್ಯತೆಯನ್ನು ಅಳೆಯಬಲ್ಲರು.” ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬಂತು. ಹಿಂದಿನ ವಾಕ್ಯದಲ್ಲಿ ಕಟ್ಟಿದ್ದನ್ನು ಇದು ಕೆಡವುತ್ತದೆ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆಗಳು, ಆ ಹುದ್ದೆಯ ಕೆಲಸವನ್ನು ವಿಶ್ಲೇಷಿಸಿ ಹುಟ್ಟಿದ ಪ್ರಶ್ನೆಗಳು, ಉತ್ತರಕ್ಕೆ ಮೊದಲೇ ನಿಗದಿಯಾದ ಅಂಕಪಟ್ಟಿ ಇವೆಲ್ಲ ಇರುವುದೇ ‘ನನಗೆ ಮನುಷ್ಯರು ಗೊತ್ತಾಗುತ್ತಾರೆ’ ಎಂಬ ನಂಬಿಕೆಯನ್ನು ಹದ್ದುಬಸ್ತಿನಲ್ಲಿಡಲು. ಜೇಸನ್ ಡಾನಾ, ರಾಬಿನ್ ಡಾವ್ಸ್, ನಥಾನಿಯಲ್ ಪೀಟರ್ಸನ್ 2013ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನು ನೋಡಿ. ಒಬ್ಬ ವಿದ್ಯಾರ್ಥಿ ಇನ್ನೊಬ್ಬನನ್ನು ಮನಬಂದಂತೆ ಪ್ರಶ್ನೆ ಕೇಳಿ ಸಂದರ್ಶಿಸಿ, ಆತನ ಮುಂದಿನ ಅಂಕಗಳನ್ನು ಊಹಿಸಬೇಕು. ಕೆಲವು ಉತ್ತರಿಸುವವರಿಗೆ ಗುಟ್ಟಾಗಿ ಒಂದು ಸೂಚನೆ ಕೊಟ್ಟಿದ್ದರು: ಹೌದು ಅಥವಾ ಇಲ್ಲ ಎನ್ನಬೇಕಾದ ಪ್ರಶ್ನೆಗಳಿಗೆ ನಿಜ ಹೇಳದೆ, ಒಂದು ಗೊತ್ತಾದ ಸೂತ್ರದಂತೆ ಯಾದೃಚ್ಛಿಕವಾಗಿ ಉತ್ತರಿಸಬೇಕು. ಸಂದರ್ಶಕರಿಗೆ ಅದು ಗೊತ್ತಾಗಲೇ ಇಲ್ಲ. ಅರ್ಥವಿಲ್ಲದ ಆ ಉತ್ತರಗಳಿಂದಲೂ ಅವರು ಎದುರಿನ ವ್ಯಕ್ತಿಯ ಸ್ಪಷ್ಟ ಚಿತ್ರವೊಂದನ್ನು ಕಟ್ಟಿಕೊಂಡರು. ಹಿಂದಿನ ಅಂಕಗಳನ್ನಷ್ಟೇ ನೋಡಿ ಊಹಿಸಿದ್ದರೆ ಊಹೆ ಇನ್ನೂ ಸರಿಯಾಗುತ್ತಿತ್ತು. ಸಂದರ್ಶನ ಸಹಾಯ ಮಾಡಲಿಲ್ಲ, ಹಾಳು ಮಾಡಿತು. ಕೆಲಸ ಹುಡುಕಿ ಬಂದು ಮೇಜಿನ ಆಚೆ ಬದಿಯಲ್ಲಿ ಕೂತವರ ಬದುಕು ಈ ಊಹೆಗಳ ಮೇಲೆ ನಿಂತಿರುವಾಗ, ಅಂಥ ವಾಕ್ಯವನ್ನು ನಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.

ಮಾಡಬೇಕಾದದ್ದು ಇಷ್ಟು. ಎರಡನೇ ಪುಟದ ಆ ಮೂರು ವಾಕ್ಯಗಳನ್ನು ತೆಗೆದು, ಸ್ಟಾಸರ್ ಮತ್ತು ಟೈಟಸರ ಪ್ರಯೋಗವನ್ನು ನಿಮ್ಮದೇ ಮಾತಿನಲ್ಲಿ, ಓದುಗರು ಆ ಕೋಣೆಯಲ್ಲಿ ಕೂತು ಹಾಳೆ ಓದಿದಂತೆ ಬರೆಯಿರಿ. ವೈವಿಧ್ಯ ಮತ್ತು ಸಂವಹನದ ಭಾಗಗಳನ್ನು ಅಲ್ಲಿಯೇ ಬೆಸೆಯಿರಿ. ಐದನೇ ಪುಟದಲ್ಲಿ 1998ರ ಅಂಕಿಯನ್ನೂ 2022ರ ಅಂಕಿಯನ್ನೂ ಇಟ್ಟು, ಅವು ಏನನ್ನು ಅಳೆಯುತ್ತವೆ, ಏಕೆ ಬದಲಾದವು ಎಂದು ವಿವರಿಸಿ. ಅದಕ್ಕೆ ಒಂದು ಪೂರ್ತಿ ಪುಟ ಹಿಡಿದರೂ ಕೊಡುತ್ತೇನೆ. ಅನುಭವಿ ಸಂದರ್ಶಕರ ವಾಕ್ಯ ಉಳಿಯಲೇಬೇಕೆನಿಸಿದರೆ ಅದಕ್ಕೆ ಆಧಾರವಾದ ಅಧ್ಯಯನವನ್ನು ನನಗೆ ತೋರಿಸಿ. ತಿದ್ದಿದ ಪ್ರತಿಯ ಜೊತೆಗೆ ನೀವು ನೆಚ್ಚಿಕೊಂಡ ಮೂಲ ಲೇಖನಗಳ ಪ್ರತಿಗಳನ್ನೂ ಕಳಿಸಿಕೊಡಿ, ನಿಮ್ಮ ಸಾಲುಗಳನ್ನು ಅವುಗಳ ಪಕ್ಕದಲ್ಲಿಟ್ಟುಕೊಂಡು ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕಿ