ಜ್ವರ ಬಿಟ್ಟರೂ ಮನೆಯವರ ಭಯ ಬಿಟ್ಟಿರಲಿಲ್ಲ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು, ವಯಸ್ಸು ಐವತ್ತರ ಆಸುಪಾಸು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಕೊಟ್ಟಿಗೆಗೆ ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋದಾಗ ಉಣುಗು (ರಕ್ತ ಹೀರುವ ಸಣ್ಣ ಹುಳ) ಕಚ್ಚಿ ಮಂಗನ ಕಾಯಿಲೆ ಬಂತು. ಆಸ್ಪತ್ರೆಯಲ್ಲಿದ್ದು ಜ್ವರ ಇಳಿಸಿಕೊಂಡು ಮನೆಗೆ ಬಂದರು. ಬಂದು ತಿಂಗಳು ದಾಟಿದರೂ ಮೈಕೈ ನೋವು ಹೋಗಿಲ್ಲ, ರಾತ್ರಿ ನಿದ್ದೆಯಿಲ್ಲ, ಲೋಟ ಹಿಡಿದರೆ ಕೈ ನಡುಗುತ್ತದೆ, ಅಂಗಳ ದಾಟಿ ಕೊಟ್ಟಿಗೆ ಮುಟ್ಟುವಷ್ಟರಲ್ಲಿ ಸುಸ್ತು.

ನನ್ನ ಹತ್ತಿರ ಕರೆದುಕೊಂಡು ಬಂದವರು ಹೆಂಡತಿ. "ಇವ್ರು ಮಾತೇ ಆಡಲ್ಲ ಮೇಡಂ. ಮಸಾಜ್ ಮಾಡಿಸಬೇಕಂತೆ, ಅದೊಂದೇ ಹಟ."

ಪೇಟೆಯ ಮಸಾಜ್ ಕೇಂದ್ರವೊಂದು 21 ದಿನದ ಪ್ಯಾಕೇಜ್ ಹೇಳಿತ್ತು. ಮುಗಿಯುವಷ್ಟರಲ್ಲಿ ಮೊದಲಿನ ಶಕ್ತಿ ಬರುತ್ತದೆ ಅಂತ ಭರವಸೆ ಕೊಟ್ಟು ಮುಂಗಡವನ್ನೂ ತೆಗೆದುಕೊಂಡಿತ್ತು. ಮನೆಯಲ್ಲಿ ಅತ್ತೆ ಬೇರೆ ರಾಗ. ಹಸಿ ಮೈಗೆ ಎಣ್ಣೆ ಬಿದ್ದರೆ ಜ್ವರ ಮರುಕಳಿಸುತ್ತದೆ ಅಂತ. ಮಾಡಿಸಬೇಕಾ ಬೇಡವಾ, ಹೇಳಿಬಿಡಿ ಅಂತ ಗಂಡ ಹೆಂಡತಿ ನನ್ನ ಮುಂದೆ ಕೂತರು.

ಹೆಂಡತಿಯನ್ನು ಸ್ವಲ್ಪ ಹೊರಗೆ ಕೂರಿಸಿ ಅವರೊಬ್ಬರ ಜೊತೆ ಮಾತಾಡಿದೆ. ಆಗ ಬಾಯಿಬಿಟ್ಟರು. ಆಸ್ಪತ್ರೆಯಿಂದ ಬಂದ ದಿನದಿಂದ ಮಲಗೋದು ಜಗಲಿ ಪಕ್ಕದ ಕೋಣೆಯಲ್ಲಿ. ತಟ್ಟೆ ಲೋಟ ಬೇರೆ. ಮಗಳು ಚಹಾ ತಂದು ಕಿಟಕಿ ಕಟ್ಟೆ ಮೇಲಿಟ್ಟು, "ಅಪ್ಪಾ, ಚಾ" ಅಂತ ಕೂಗಿ, ಅವರು ಏಳುವ ಮೊದಲೇ ಒಳಗೆ ಹೋಗಿರುತ್ತಾಳೆ. "ಅಲ್ಲಿ ದುಡ್ಡು ಕೊಟ್ಟರಾದರೂ ಮುಟ್ಟುತ್ತಾರಲ್ಲ ಮೇಡಂ" ಅಂದು ನಕ್ಕರು. ಆ ನಗು ನನಗೇನೂ ಹಿಡಿಸಲಿಲ್ಲ.

ಹೆಂಡತಿಯನ್ನು ಒಳಗೆ ಕರೆದು ಮೊದಲು ಹೇಳಿದ್ದು ಇಷ್ಟು: ಅಕ್ಕಾ, ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡೋದಿಲ್ಲ. ಹರಡೋದು ಉಣುಗಿನಿಂದ, ಇಲ್ಲವೇ ಕಾಯಿಲೆ ಬಿದ್ದ, ಸತ್ತ ಮಂಗ ಮುಟ್ಟಿದರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆ ಇದು, ನಮ್ಮ ಜಿಲ್ಲೆಯದೇ, ಆದರೂ ಇಷ್ಟು ಮಾತು ಎಷ್ಟೋ ಮನೆಗಳಿಗೆ ಇನ್ನೂ ಮುಟ್ಟಿಲ್ಲ. ಅಕ್ಕ ನಂಬಲಿಲ್ಲ. ಊರಿನ ಆಶಾ ಕಾರ್ಯಕರ್ತೆಗೆ ಅಲ್ಲಿಂದಲೇ ಫೋನ್ ಮಾಡಿಸಿದೆ, ಅವರ ಬಾಯಲ್ಲಿ ಕೇಳಿದ ಮೇಲೆ ಮುಖ ಸ್ವಲ್ಪ ಸಡಿಲಾಯಿತು.

ಇನ್ನು ಮಸಾಜ್. ಅದರಿಂದ ನಿದ್ದೆ ಬರಬಹುದು, ಬಿಗಿದ ಮೈ ಸಡಿಲಾಗಬಹುದು, ಸ್ವಲ್ಪ ಹೊತ್ತು ನೋವು ಮರೆಯಬಹುದು, ಮನಸ್ಸಿನ ಕಳವಳ ಇಳಿಯಬಹುದು. ಇದೇನು ಕಡಿಮೆಯಲ್ಲ. ಆದರೆ ಶಕ್ತಿ ಬರೋದು ಊಟದಿಂದ, ದಿನಗಳಿಂದ, ಸ್ವಲ್ಪ ಸ್ವಲ್ಪವೇ ಓಡಾಡೋದರಿಂದ. 21 ದಿನದಲ್ಲಿ ಮೊದಲಿನಂತಾಗುತ್ತೀರಿ ಅನ್ನುವ ಮಾತಿಗೆ ದುಡ್ಡು ಸುರಿಯಬೇಡಿ ಅಂತ ನೇರವಾಗಿಯೇ ಹೇಳಿದೆ.

ಮನೆಯಲ್ಲೇ ಮಾಡಿ, ಆದರೆ ಮೊದಲು ವೈದ್ಯರನ್ನು ಕೇಳಿ ಅಂದೆ. ಈ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ (ರಕ್ತ ಸೋರದಂತೆ ತಡೆಯುವ ಕಣ) ಇಳಿಯುತ್ತದೆ, ಅದು ಸರಿಹೋಗದೆ ಗಟ್ಟಿಯಾಗಿ ಒತ್ತಿದರೆ ಚರ್ಮದಡಿ ರಕ್ತ ಒಸರಿ ಕಪ್ಪಾಗಬಹುದು. ಒಸಡಿನಲ್ಲೋ ಮೂಗಿನಲ್ಲೋ ರಕ್ತ ಕಂಡರೆ ಎಣ್ಣೆ ಬಟ್ಟಲು ಮುಟ್ಟಲೇಬೇಡಿ. ತುಂಬಾ ದಿನ ಮಲಗಿದ್ದವರ ಒಂದೇ ಕಾಲು ಊದಿಕೊಂಡು ಬಿಸಿಯಾಗಿ ನೋಯುತ್ತಿದ್ದರೆ ಅದನ್ನಂತೂ ತಿಕ್ಕಲೇಬಾರದು, ಒಳಗೆ ರಕ್ತ ಗಡ್ಡೆ ಕಟ್ಟಿದ್ದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ಬರುತ್ತದೆ, ಜೊತೆಗೆ ತಲೆನೋವು, ನಡುಕ. ಅದಕ್ಕೆ ಎಣ್ಣೆ ಕಾರಣ ಅಲ್ಲ ಅಂತ ಅತ್ತೆಗೆ ತಿಳಿಸಿ. ಆದರೆ ಇವರ ನಡುಕ ಇನ್ನೂ ನಿಂತಿಲ್ಲವಲ್ಲ, ಅದನ್ನು ಈಗಲೇ ತೋರಿಸಿ.

ವೈದ್ಯರು ಪರೀಕ್ಷೆ ಮಾಡಿ ಹೂಂ ಅಂದರು. ಆಮೇಲೆ ಮಾಡುವ ಬಗೆ ನಾನು ಹೇಳಿಕೊಟ್ಟೆ. ಸಂಜೆ ಕೊಬ್ಬರಿ ಎಣ್ಣೆ ಉಗುರುಬೆಚ್ಚಗೆ ಮಾಡಿ, ಹದಿನೈದು ನಿಮಿಷ, ಪಾದದಿಂದ ಮೇಲಕ್ಕೆ, ಆಮೇಲೆ ಬೆನ್ನು, ಭುಜ. ಲಟಿಕೆ ತೆಗೆಯೋದು, ಕುತ್ತಿಗೆ ತಿರುಗಿಸೋದು ಬೇಡ. ಬಚ್ಚಲಲ್ಲಿ ಹಂಡೆ ನೀರು ಕುದಿಯುವಷ್ಟು ಕಾಯಿಸಬೇಡಿ, ತಲೆ ಸುತ್ತಿ ಬಿದ್ದಾರು, ಸ್ಟೂಲ್ ಮೇಲೆ ಕೂರಿಸಿ. ಇನ್ನೊಂದು ಮಾತು ಹೇಳಲೇಬೇಕಾಯಿತು, ಯಾಕೆಂದರೆ ಅತ್ತೆ ಕೇಳಿ ಕಳಿಸಿದ್ದರು: ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆಯನ್ನೇ ಮೈಗೆ ತಿಕ್ಕಬಹುದಾ? ಖಂಡಿತ ಬೇಡ. ಅದು ಕಾಡಿಗೆ ಹೋಗುವಾಗ ಉಣುಗು ಹತ್ತದಂತೆ ಕೈಕಾಲಿಗೆ ಸವರಿಕೊಳ್ಳೋದು.

ಮೊದಲ ದಿನ ಅಕ್ಕ ಅಂಗೈಯಲ್ಲಿ ಎಣ್ಣೆ ಹಾಕಿಕೊಂಡು ಅರ್ಧ ನಿಮಿಷ ಹಾಗೇ ನಿಂತಿದ್ದರಂತೆ. ಭುಜ ಮುಟ್ಟಿದಾಗ ಗಂಡನೇ ಬೆಚ್ಚಿಬಿದ್ದರಂತೆ. ಈಗ ಪಾದ ಒತ್ತುವ ಕೆಲಸ ಮಗಳದು. ಕೋಣೆ ಖಾಲಿಯಾಗಿದೆ, ತಟ್ಟೆ ಮತ್ತೆ ಒಳಮನೆ ಸೇರಿದೆ.

ನಡುಕ ಪೂರ್ತಿ ಹೋಗಿಲ್ಲ, ಅದಕ್ಕೆ ವೈದ್ಯರ ಔಷಧಿ ನಡೆಯುತ್ತಿದೆ. ತೋಟದ ತುದಿವರೆಗೆ ಕೋಲು ಹಿಡಿದು ನಡೆಯುತ್ತಾರೆ. ಗೊನೆ ಹೊರುವ ಕೆಲಸ ಈ ವರ್ಷ ಬೇಡ ಅಂದಿದ್ದೇನೆ, ಅದಕ್ಕೆ ಮಾತ್ರ ಇನ್ನೂ ಒಪ್ಪಿಲ್ಲ. ಮುಂಗಡದಲ್ಲಿ ಅರ್ಧ ಸಿಕ್ಕಿದೆಯಂತೆ, ಉಳಿದರ್ಧಕ್ಕೆ ಮಗ ಓಡಾಡುತ್ತಿದ್ದಾನೆ.